ಎರಡು ದೋಣಿಯಲ್ಲಿ ಕಾಲಿಟ್ಟ ವೀರರು

ಕತ್ತಿವರಸೆಯಲ್ಲೂ ಮಂತ್ರವಿದ್ಯೆಯಲ್ಲೂ ಒಬ್ಬನೇ ನಿಪುಣನಾಗಿದ್ದರೆ ಕಥೆ ಓದಲು ಸೊಗಸು. ಆದರೆ ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕುಳಿತು ಆಡುವ ಆಟದಲ್ಲಿ ಇಂಥವನೊಬ್ಬ ಸೇರಿಕೊಂಡರೆ? ಬರೀ ಕತ್ತಿ ಹಿಡಿದವನಿಗೆ ಉಳಿಯುವ ಕೆಲಸವೇನು? ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿ ಅರ್ಧ ಶತಮಾನ ಕಳೆದರೂ ಆಟಗಾರರನ್ನು ಬಿಡದೆ ಕಾಡುವ ಪ್ರಶ್ನೆ ಇದು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಎದುರಾಳಿಯನ್ನು ಸೋಲಿಸುವುದು ಗುರಿಯಲ್ಲ. ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ ಹೀಗೆ ಒಬ್ಬೊಬ್ಬರದು ಒಂದೊಂದು ಪಾತ್ರ. ಕಥೆ ನಡೆಸುವವನು ‘ಡಂಜನ್ ಮಾಸ್ಟರ್’ ಎಂಬ ಸೂತ್ರಧಾರ. ಸಾಹಸಕ್ಕೆ ತಕ್ಕಂತೆ ಅನುಭವದ ಅಂಕಗಳು ಸಿಗುತ್ತವೆ. ಅಂಕ ಕೂಡಿದಂತೆ ಪಾತ್ರ ಮೆಟ್ಟಿಲು ಏರುತ್ತದೆ.

ಅರ್ಧಕ್ಕಿಳಿದರೂ ನಷ್ಟವಿಲ್ಲ!

1989ರ ಎರಡನೇ ಆವೃತ್ತಿಯಲ್ಲಿ ಎರಡು ವೃತ್ತಿ ಹಿಡಿಯಲು ಎರಡು ದಾರಿಗಳಿದ್ದವು. ಎಲ್ಫ್‌ಗಳಂಥ ಮನುಷ್ಯೇತರರು ಎರಡನ್ನೂ ಒಟ್ಟಿಗೇ ಕಲಿಯಬಹುದು. ಗಳಿಸಿದ ಅಂಕಗಳು ಸಮನಾಗಿ ಹಂಚಿಹೋಗುತ್ತವೆ. ಅಂದಮೇಲೆ ಅವರ ಬೆಳವಣಿಗೆಯೂ ಅರ್ಧಕ್ಕೆ ಇಳಿಯಬೇಕಲ್ಲ? ಇಳಿಯುವುದಿಲ್ಲ. ಯೋಧ ಆರನೇ ಮೆಟ್ಟಿಲಿಗೆ ಏರಲು 32,000 ಅಂಕ ಬೇಕು, ಏಳಕ್ಕೆ 64,000. ಹೀಗೆ ಮೊದಮೊದಲು ಅಂಕ ಇಮ್ಮಡಿಯಾಗುತ್ತಾ ಹೋಗುವುದರಿಂದ ಅರ್ಧ ಅಂಕ ಪಡೆದವನು ಹಿಂದೆ ಬೀಳುವುದು ಒಂದೇ ಮೆಟ್ಟಿಲು. 64,000 ಅಂಕ ಗಳಿಸಿದ ಅಪ್ಪಟ ಯೋಧ ಏಳರಲ್ಲಿದ್ದರೆ, ಎಲ್ಫ್ ಆರನೇ ಮೆಟ್ಟಿಲಿನ ಯೋಧನೂ ಹೌದು, ಐದನೇ ಮೆಟ್ಟಿಲಿನ ಮಾಂತ್ರಿಕನೂ ಹೌದು! ಒಂಬತ್ತನ್ನು ದಾಟಿದ ಮೇಲೆ ಯೋಧನಿಗೆ ಪ್ರತಿ ಮೆಟ್ಟಿಲಿಗೂ ಎರಡೂವರೆ ಲಕ್ಷ ಅಂಕ. ಎಲ್ಫ್‌ಗೆ ನಿಜವಾದ ಹಿನ್ನಡೆ ಶುರುವಾಗುವುದು ಅಲ್ಲಿಂದಲೇ.

ಮನುಷ್ಯನ ದಾರಿ ಬೇರೆ. ಅವನು ಹಳೆಯ ವೃತ್ತಿ ಬಿಟ್ಟು ಹೊಸದನ್ನು ಮೊದಲ ಮೆಟ್ಟಿಲಿನಿಂದ ಆರಂಭಿಸಬೇಕು. ಹೊಸದು ಹಳೆಯದನ್ನು ಮೀರುವ ಮೊದಲು ಕಾಳಗದಲ್ಲಿ ಹಳೆಯ ವಿದ್ಯೆ ಬಳಸಿದರೆ ಆ ಕಾಳಗದ ಅಂಕ ಖೋತಾ. ಇಡೀ ಸಾಹಸದ ಗಳಿಕೆಯೂ ಅರ್ಧ.

16,000 ಅಂಕಗಳೊಂದಿಗೆ ಐದನೇ ಮೆಟ್ಟಿಲಲ್ಲಿರುವ ಇಬ್ಬರು ಯೋಧರಲ್ಲಿ ಒಬ್ಬ ಮಾಂತ್ರಿಕನಾಗಲು ಹೊರಟನೆನ್ನಿ. ಮಾಂತ್ರಿಕನಾಗಿ ಆರನೇ ಮೆಟ್ಟಿಲು ಮುಟ್ಟಲು 40,000 ಅಂಕ ಬೇಕು. ಅಲ್ಲಿಯವರೆಗೆ ಅವನದು ಅಜ್ಞಾತವಾಸ. ಗೆಳೆಯರು ಕಾದಾಡುವಾಗ ಒಂದೆರಡು ಮಂತ್ರ ಹೇಳಿ ಸುಮ್ಮನಿರಬೇಕು. ಅದು ಮುಗಿಯಿತೋ, ಚಿತ್ರವೇ ಬೇರೆ. ಒಟ್ಟು 56,000 ಅಂಕಗಳಾದಾಗ ಜೊತೆಗಾರ ಆರನೇ ಮೆಟ್ಟಿಲಿನ ಯೋಧ ಮಾತ್ರ. ಇವನಾದರೋ ಐದರ ಯೋಧ, ಆರರ ಮಾಂತ್ರಿಕ! ಮೊದಲು ಇವನಿಗೆ ಬೇಸರ, ಆಮೇಲೆ ಅವನಿಗೆ ಅಸೂಯೆ.

ಸೂತ್ರಧಾರನ ಜಾಣ್ಮೆ

ಇಲ್ಲಿ ಕೆಡುವುದು ಬರೀ ಲೆಕ್ಕವಲ್ಲ, ಗೆಳೆತನ. ವಾರವಾರವೂ ಬಂದು ಇನ್ನೊಬ್ಬನ ಪರಾಕ್ರಮ ನೋಡಿ ಎದ್ದುಹೋಗುವವನು ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾನೆ.

ಮದ್ದು ಅದೇ ನಿಯಮಗಳಲ್ಲಿದೆ. ಒಂದೇ ಆಯುಧದಲ್ಲಿ ವಿಶೇಷ ಪರಿಣತಿ ಪಡೆಯುವ ಹಕ್ಕು ಏಕವೃತ್ತಿಯ ಯೋಧನಿಗೆ ಮಾತ್ರ. ಸಾಮಾನ್ಯ ಕವಚ ತೊಟ್ಟು ಮಂತ್ರ ಹೇಳುವಂತಿಲ್ಲ. ಮಂತ್ರಗಳು ದಿನಕ್ಕೆ ಇಷ್ಟೇ ಎಂಬ ಮಿತಿ ಬೇರೆ. ದಿನಕ್ಕೊಂದೇ ಕಾಳಗವಾದರೆ ದ್ವಿವೃತ್ತಿಯವನೇ ರಾಜ. ನಾಲ್ಕು ಕಾಳಗಗಳಾದರೆ ಮಂತ್ರ ತೀರಿಹೋಗಿ, ಕತ್ತಿ ಹಿಡಿದವನ ಬೆಲೆ ತಾನಾಗಿ ಏರುತ್ತದೆ. ನಿಧಿಯಲ್ಲಿ ಯೋಧನ ಕೈಗೊಪ್ಪುವ ಖಡ್ಗ, ಅಜ್ಞಾತವಾಸಿಗೆ ಹಳೆಯ ಲಿಪಿ ಓದುವ, ಸಂಧಾನಕ್ಕೆ ಹೋಗುವ ಕೆಲಸ ಇಟ್ಟರೆ ಇಬ್ಬರ ಮುಖವೂ ಅರಳುತ್ತದೆ.

2000ದ ಮೂರನೇ ಆವೃತ್ತಿ ಈ ಎರಡು ದಾರಿಗಳನ್ನೂ ಮುಚ್ಚಿತು. ಎಲ್ಲರಿಗೂ ಒಂದೇ ಅಂಕಪಟ್ಟಿ; ಒಂದೊಂದು ಮೆಟ್ಟಿಲಿಗೂ ಬೇಕಾದ ವೃತ್ತಿ ಆರಿಸಿಕೊಳ್ಳಬಹುದು. ಈಗ ಏಟು ಬೀಳುವುದು ದ್ವಿವೃತ್ತಿಯವನಿಗೆ. 2014ರ ಐದನೇ ಆವೃತ್ತಿಯಲ್ಲಿ ಐದನೇ ಮೆಟ್ಟಿಲಿಗೆ ಬಂದ ಯೋಧನಿಗೆ ಎರಡು ಏಟು ಹೊಡೆಯುವ ಶಕ್ತಿ, ಮಾಂತ್ರಿಕನಿಗೆ ಬೆಂಕಿಯುಂಡೆಯ ಮಂತ್ರ ಒಲಿಯುತ್ತವೆ. ಮೂರು ಅಲ್ಲಿ, ಎರಡು ಇಲ್ಲಿ ಎಂದು ಹಂಚಿಕೊಂಡವನಿಗೆ ಎರಡೂ ಇಲ್ಲ.

ನಿಯಮ ಪುಸ್ತಕ ಎಷ್ಟು ಸಲ ಬದಲಾದರೂ ತಕ್ಕಡಿ ಹಿಡಿದವನು ಸೂತ್ರಧಾರನೇ. ಅವನು ತೂಗಬೇಕಾದ್ದು ಶಕ್ತಿಯನ್ನಲ್ಲ, ಪ್ರತಿಯೊಬ್ಬ ಆಟಗಾರನಿಗೂ ಮೆರೆಯಲು ಸಿಗುವ ಗಳಿಗೆಯನ್ನು.