ಅಂತರ್ಜಾಲ ಕೋರ್ಸುಗಳಲ್ಲಿ ಕಲಿಕೆಯ ಅಳತೆ: ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಅಂತರ್ಜಾಲದ ಮೂಲಕ ಬೋಧಿಸಲಾಗುವ ಕಾಲೇಜು ಕೋರ್ಸುಗಳಿಗೆ ನೋಂದಾಯಿಸಿಕೊಳ್ಳುವ ಹಾಗೂ ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ತಮ್ಮ ಪದವಿಗೆ ಸೇರಿಸುವಂತೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳ ಮಾಹಿತಿಗಾಗಿ ಈ ವಿವರಣೆಯನ್ನು ನೀಡಲಾಗಿದೆ. ಪ್ರಮಾಣಪತ್ರದಲ್ಲಿ ನಮೂದಾಗುವ ಅಂಕವು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಅರ್ಜಿದಾರರಿಗೆ ಮೊದಲೇ ತಿಳಿದಿರುವುದು ಸೂಕ್ತ.

ಹಿನ್ನೆಲೆ

ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಟ್ಟಾಗಿ 2003ರಲ್ಲಿ ಎನ್‌ಪಿಟೆಲ್ ಯೋಜನೆಯನ್ನು ಆರಂಭಿಸಿದವು. ಮೊದಲ ಹಂತದಲ್ಲಿ ಉಪನ್ಯಾಸಗಳ ವಿಡಿಯೋ ಹಾಗೂ ಪಠ್ಯವನ್ನು ಮಾತ್ರ ಒದಗಿಸಲಾಗುತ್ತಿತ್ತು. ನೋಡಿದವರು ಎಷ್ಟು ಕಲಿತರು ಎಂದು ತಿಳಿಯುವ ಏರ್ಪಾಡು ಇರಲಿಲ್ಲ. ಅಸೈನ್‌ಮೆಂಟ್ ಮತ್ತು ಪರೀಕ್ಷೆಗಳನ್ನೊಳಗೊಂಡ ಪ್ರಮಾಣಪತ್ರ ಕೋರ್ಸುಗಳು 2014ರಿಂದ ಪ್ರಾರಂಭವಾದವು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ ಉದ್ಘಾಟನೆಗೊಂಡಿತು. ಇದರಲ್ಲಿ ತಾಂತ್ರಿಕ ವಿಷಯಗಳ ಸಂಯೋಜನೆಯನ್ನು ಎನ್‌ಪಿಟೆಲ್, ನಿರ್ವಹಣಾ ವಿಷಯಗಳ ಸಂಯೋಜನೆಯನ್ನು ಬೆಂಗಳೂರಿನ ಐಐಎಂ ವಹಿಸಿಕೊಂಡವು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಗಳು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡ 20ರಷ್ಟನ್ನು ಸ್ವಯಂ ಮೂಲಕ ಪೂರೈಸಲು ಅವಕಾಶ ನೀಡಿದ್ದವು. 2021ರ ನಿಯಮಗಳು ಈ ಮಿತಿಯನ್ನು ಶೇಕಡ 40ಕ್ಕೆ ಏರಿಸಿದವು. ಪದವಿಯ ಇಷ್ಟು ದೊಡ್ಡ ಭಾಗ ಅಂತರ್ಜಾಲದಲ್ಲಿ ಪೂರ್ಣಗೊಳ್ಳಬಹುದಾದಾಗ, ಅಲ್ಲಿನ ಅಳತೆ ಎಷ್ಟು ನಂಬಲರ್ಹ ಎಂಬ ಪ್ರಶ್ನೆ ವಿದ್ಯಾರ್ಥಿಯ ಪಾಲಿಗೆ ಸಣ್ಣದಲ್ಲ.

ಅಂಕ ನೀಡುವ ಕ್ರಮ

ಎನ್‌ಪಿಟೆಲ್ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75 ಅಂಕ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟ್‌ಗಳ ಸರಾಸರಿಯನ್ನು ಪರಿಗಣಿಸಲಾಗುತ್ತದೆ. ಪರೀಕ್ಷೆಯು ನಿಗದಿತ ಕೇಂದ್ರದಲ್ಲಿ ಮೇಲ್ವಿಚಾರಕರ ಸಮ್ಮುಖದಲ್ಲಿ ನಡೆಯುತ್ತದೆ. ಅಸೈನ್‌ಮೆಂಟ್‌ನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಎರಡನ್ನೂ ಗಳಿಸಿದವರಿಗೆ ಮಾತ್ರ ಪ್ರಮಾಣಪತ್ರ ದೊರೆಯುತ್ತದೆ. ಅನೇಕರು ಗಮನಿಸದ ಅಂಶವೆಂದರೆ, ಪರೀಕ್ಷೆಯಲ್ಲಿ 70 ಅಂಕ ಪಡೆದು ಅಸೈನ್‌ಮೆಂಟ್‌ನಲ್ಲಿ ಕೇವಲ 9 ಅಂಕ ಗಳಿಸಿದ ವಿದ್ಯಾರ್ಥಿಗೆ ಒಟ್ಟು 79 ಬಂದಿದ್ದರೂ ಪ್ರಮಾಣಪತ್ರವಿಲ್ಲ.

ಉಪನ್ಯಾಸದ ವಿಡಿಯೋಗಳನ್ನು ಎಷ್ಟು ಗಂಟೆ ನೋಡಲಾಗಿದೆ ಎಂಬುದಕ್ಕೆ ಅಂಕವಿಲ್ಲ. ಇದು ಸರಿಯಾದ ಕ್ರಮವೇ. ವಿಡಿಯೋ ಓಡುತ್ತಿರುವಾಗ ಅದರ ಮುಂದೆ ಯಾರೂ ಇಲ್ಲದಿರಲೂಬಹುದು.

ಕೇಂದ್ರದಲ್ಲೇ ಪರೀಕ್ಷೆ ಏಕೆ?

ಮನೆಯಿಂದ ದೂರದ ಕೇಂದ್ರಕ್ಕೆ ಪ್ರಯಾಣಿಸಬೇಕಾಗುವುದು ಗ್ರಾಮೀಣ ಭಾಗದ ವಿದ್ಯಾರ್ಥಿಗಳಿಗೆ ಹೊರೆಯೆಂಬುದು ನಿಜ. ಆದರೂ ಈ ಕ್ರಮಕ್ಕೆ ಕಾರಣವಿದೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ 115 ಅಂತರ್ಜಾಲ ಕೋರ್ಸುಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕೆಲವರು ಎರಡು ಖಾತೆಗಳನ್ನು ತೆರೆದು, ಒಂದರಲ್ಲಿ ಮನಬಂದಂತೆ ಉತ್ತರಿಸಿ ಸರಿಯುತ್ತರವನ್ನು ತಿಳಿದುಕೊಂಡು, ಅದನ್ನೇ ಇನ್ನೊಂದು ಖಾತೆಯಲ್ಲಿ ನಮೂದಿಸುತ್ತಿದ್ದರು. ಇಪ್ಪತ್ತು ಅಥವಾ ಹೆಚ್ಚು ಪ್ರಮಾಣಪತ್ರ ಪಡೆದವರ ಪೈಕಿ ಸುಮಾರು ಕಾಲು ಭಾಗದಷ್ಟು ಜನರ ದಾಖಲೆಗಳಲ್ಲಿ ಈ ವಿಧಾನದ ಗುರುತುಗಳಿದ್ದವು. ಗಡುವು ಮುಗಿಯುವವರೆಗೆ ಸರಿಯುತ್ತರವನ್ನು ತೋರಿಸದಿರುವುದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆಗಳನ್ನು ನೀಡುವುದು ಇದಕ್ಕೆ ಪರಿಹಾರಗಳು. ಕೊನೆಯ ಪರೀಕ್ಷೆಯನ್ನು ಗುರುತಿನ ಚೀಟಿ ಪರಿಶೀಲಿಸಿ ಎದುರಿಗೇ ನಡೆಸಿದರೆ ಪ್ರಾಮಾಣಿಕ ವಿದ್ಯಾರ್ಥಿಯ ಅಂಕಕ್ಕೆ ಬೆಲೆ ಉಳಿಯುತ್ತದೆ.

ಅಂಕವೂ ಕಲಿಕೆಯೂ ಒಂದೇ ಅಲ್ಲ

ಮೇಲ್ವಿಚಾರಣೆ ಎಷ್ಟೇ ಬಿಗಿಯಾಗಿದ್ದರೂ ಕೊನೆಯ ಪರೀಕ್ಷೆಯ ಅಂಕವು ಆ ದಿನ ವಿದ್ಯಾರ್ಥಿಗೆ ಎಷ್ಟು ತಿಳಿದಿತ್ತೆಂದು ಹೇಳುತ್ತದೆಯೇ ಹೊರತು, ಅದರಲ್ಲಿ ಎಷ್ಟನ್ನು ಕೋರ್ಸಿನಿಂದ ಕಲಿತರೆಂದು ಹೇಳುವುದಿಲ್ಲ. ಅದಕ್ಕೆ ಕೋರ್ಸಿನ ಮೊದಲೂ ಒಂದು ಪರೀಕ್ಷೆ ಬೇಕು.

ಭೌತವಿಜ್ಞಾನದ ಬೋಧನೆಯಲ್ಲಿ ಈ ಕ್ರಮ ಬಹುಕಾಲದಿಂದ ರೂಢಿಯಲ್ಲಿದೆ. ರಿಚರ್ಡ್ ಹೇಕ್ ಎಂಬ ಪ್ರಾಧ್ಯಾಪಕರು 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಪೂರ್ವ ಹಾಗೂ ಉತ್ತರ ಪರೀಕ್ಷೆಗಳ ಫಲಿತಾಂಶವನ್ನು ಪ್ರಕಟಿಸಿದರು. ಅವರು ಬಳಸಿದ ಲೆಕ್ಕ ಸರಳವಾದುದು: ಹೆಚ್ಚಾದ ಅಂಕವನ್ನು, ಹೆಚ್ಚಾಗಲು ಸಾಧ್ಯವಿದ್ದ ಅಂಕದಿಂದ ಭಾಗಿಸಬೇಕು. ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿ ಮೊದಲು 30, ಕೊನೆಗೆ 65 ಅಂಕ ಪಡೆದರೆ, ಸಾಧ್ಯವಿದ್ದ 70ರಲ್ಲಿ 35 ಅಂಕ ಹೆಚ್ಚಿದಂತಾಗಿ ಗಳಿಕೆ 0.5 ಆಗುತ್ತದೆ. ಇನ್ನೊಬ್ಬ ವಿದ್ಯಾರ್ಥಿ 80ರಿಂದ 88ಕ್ಕೆ ಏರಿದರೆ ಸಾಧ್ಯವಿದ್ದ 20ರಲ್ಲಿ 8 ಹೆಚ್ಚಿದೆ, ಗಳಿಕೆ 0.4. ಅಂಕಪಟ್ಟಿಯಲ್ಲಿ ಎರಡನೆಯವರು ಬಹಳ ಮುಂದಿದ್ದರೂ ಕೋರ್ಸಿನಿಂದ ಹೆಚ್ಚು ಪಡೆದವರು ಮೊದಲನೆಯವರು.

ಕೇವಲ ಉಪನ್ಯಾಸ ಕೇಳಿಸಿದ ತರಗತಿಗಳಲ್ಲಿ ಹೇಕ್ ಅವರಿಗೆ ಕಂಡ ಸರಾಸರಿ ಗಳಿಕೆ 0.23. ವಿದ್ಯಾರ್ಥಿಗಳು ಚರ್ಚಿಸಿ, ಸಮಸ್ಯೆಗಳನ್ನು ಬಿಡಿಸಿ, ಕೂಡಲೇ ತಪ್ಪೊಪ್ಪು ತಿಳಿದುಕೊಳ್ಳುತ್ತಿದ್ದ ತರಗತಿಗಳಲ್ಲಿ ಅದು 0.48.

ಇದೇ ಮಾದರಿಯ ಅಳತೆಯನ್ನು ಎಂಐಟಿಯ ಸಂಶೋಧಕರು 2013ರಲ್ಲಿ ಯಂತ್ರಶಾಸ್ತ್ರದ, ಅಂದರೆ ಚಲನೆ ಮತ್ತು ಬಲಗಳ, ಅಂತರ್ಜಾಲ ಕೋರ್ಸಿಗೆ ಅನ್ವಯಿಸಿ, 2014ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿನ ಗಳಿಕೆಯು ಸಾಮಾನ್ಯ ಉಪನ್ಯಾಸದ ತರಗತಿಗಿಂತ ಸ್ವಲ್ಪ ಹೆಚ್ಚು, ಚರ್ಚೆಯಿಂದ ಕೂಡಿದ ತರಗತಿಗಿಂತ ಸಾಕಷ್ಟು ಕಡಿಮೆ ಇತ್ತು. ಪೂರ್ವಸಿದ್ಧತೆ ಕಡಿಮೆ ಇದ್ದ ವಿದ್ಯಾರ್ಥಿಗಳೂ ಉಳಿದವರಷ್ಟೇ ಪ್ರಮಾಣದಲ್ಲಿ ಮುಂದುವರಿದಿದ್ದರು. ಮೂಲಪಾಠದಲ್ಲಿ ಹಿಂದುಳಿದಿದ್ದೇನೆಂದು ಅಂಜುವವರಿಗೆ ಇದು ಧೈರ್ಯ ಕೊಡುವ ಸಂಗತಿ. ಆದರೆ ಇಂತಹ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ: ಕೊನೆಯ ಪರೀಕ್ಷೆಗೆ ಉತ್ತರಿಸುವವರು ಕೊನೆಯವರೆಗೆ ಉಳಿದವರು ಮಾತ್ರ. ಮಧ್ಯದಲ್ಲೇ ಬಿಟ್ಟುಹೋದವರು ಎಷ್ಟು ಕಲಿತರು ಎಂಬುದು ಈ ಲೆಕ್ಕದೊಳಗೆ ಬರುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದದ್ದು

ಕ್ರೆಡಿಟ್ ವರ್ಗಾವಣೆಗೆ ಪ್ರಮಾಣಪತ್ರದ ಅಂಕವನ್ನೇ ಪರಿಗಣಿಸಲಾಗುತ್ತದೆ. ಮೇಲೆ ವಿವರಿಸಿದ ಗಳಿಕೆಯನ್ನು ಪರಿಗಣಿಸುವುದಿಲ್ಲ. ಆದರೂ ವಿದ್ಯಾರ್ಥಿಗಳು ಅದನ್ನು ತಾವೇ ತಿಳಿದುಕೊಳ್ಳಬಹುದು. ಎನ್‌ಪಿಟೆಲ್ ಕೋರ್ಸುಗಳಲ್ಲಿ ಮೊದಲ ವಾರಕ್ಕೂ ಮುಂಚೆ 'ಅಸೈನ್‌ಮೆಂಟ್ 0' ಎಂಬುದನ್ನು ನೀಡಲಾಗುತ್ತದೆ. ಅದರ ಅಂಕ ಅಂತಿಮ ಲೆಕ್ಕಕ್ಕೆ ಸೇರದ ಕಾರಣ ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಅದನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಿದರೆ, ಕೋರ್ಸಿಗೆ ಬೇಕಾದ ತಳಹದಿ ತಮಗಿದೆಯೇ ಎಂಬುದು ಪರೀಕ್ಷಾ ಶುಲ್ಕ ಕಟ್ಟುವ ಮುನ್ನವೇ ತಿಳಿಯುತ್ತದೆ. ಜೊತೆಗೆ ಅದೇ ವಿಷಯದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಆರಂಭದಲ್ಲಿ ಒಮ್ಮೆ, ಅದೇ ಮಟ್ಟದ ಮತ್ತೊಂದನ್ನು ಕೊನೆಯಲ್ಲಿ ಒಮ್ಮೆ ಬಿಡಿಸಿ ಹೋಲಿಸಿದರೆ ಸ್ವಂತ ಗಳಿಕೆ ಗೊತ್ತಾಗುತ್ತದೆ.

ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಮಾತ್ರ ಪ್ರತ್ಯೇಕವಾಗಿ ನೋಂದಾಯಿಸಿ ಶುಲ್ಕ ಪಾವತಿಸಬೇಕು. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ನೋಂದಣಿ ಆದಂತಲ್ಲ. ಆಯ್ಕೆ ಮಾಡಿದ ಕೋರ್ಸು ತಮ್ಮ ವಿಶ್ವವಿದ್ಯಾಲಯವು ಆ ಸೆಮಿಸ್ಟರಿಗೆ ಅನುಮೋದಿಸಿರುವ ಪಟ್ಟಿಯಲ್ಲಿದೆಯೇ ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಶುಲ್ಕ ಕಟ್ಟತಕ್ಕದ್ದು.