ನೆಗ್ಗಿದ ಮೌತ್‌ಪೀಸ್‌ಗೆ ಒಂದು ಉಕ್ಕಿನ ಕಡ್ಡಿ

ಹಿತ್ತಾಳೆ ಕೊಡ ನೆಗ್ಗಿದರೆ ನೀರಿಗೇನೂ ಆಗದು. ಟ್ರಂಪೆಟ್ಟಿನ ಮೌತ್‌ಪೀಸ್ ನೆಗ್ಗಿದರೆ ಪೆಟ್ಟು ಬೀಳುವುದು ಸ್ವರಕ್ಕೆ. ಜಂಬೂಸವಾರಿಯ ಪೊಲೀಸ್ ಬ್ಯಾಂಡ್ ಇರಲಿ, ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ ಇರಲಿ, ಶಾಲೆಯ ಬ್ಯಾಂಡ್ ಇರಲಿ, ಊದುವವರ ಕೈಯಿಂದ ಮೌತ್‌ಪೀಸ್ ಜಾರಿ ಬೀಳುವುದು ತಪ್ಪಿದ್ದಲ್ಲ.

ತುಟಿ ಒತ್ತುವ ರಿಮ್ ದಪ್ಪಗಿರುತ್ತದೆ, ಅದಕ್ಕೆ ಸುಲಭವಾಗಿ ಏನೂ ಆಗದು. ಅಪಾಯವಿರುವುದು ವಾದ್ಯದೊಳಗೆ ಕೂರುವ ಶ್ಯಾಂಕ್‌ನಲ್ಲಿ. ಹೊರಮೈ ತುದಿಯತ್ತ ಸಪೂರವಾಗುತ್ತಾ ಹೋಗುತ್ತದೆ, ಟ್ರಂಪೆಟ್ಟಿನಲ್ಲಿ 20 ಮಿ.ಮೀ. ಉದ್ದಕ್ಕೆ ಸುಮಾರು 1 ಮಿ.ಮೀ.ನಷ್ಟು. ಒಳಗಿನ ರಂಧ್ರ ಇದಕ್ಕೆ ಉಲ್ಟಾ: ತುದಿಗೆ ಬಂದಂತೆ ಅಗಲವಾಗುತ್ತದೆ. ಹಾಗಾಗಿ ಕೊನೆಯಲ್ಲಿ ಉಳಿಯುವ ಹಿತ್ತಾಳೆ ಒಂದು ಮಿ.ಮೀ.ಗಿಂತಲೂ ತೆಳು. ಆ ಅಂಚು ನೆಲಕ್ಕೆ ಬಡಿದರೆ ದುಂಡಗಿದ್ದ ಬಾಯಿ ಮೊಟ್ಟೆಯಾಕಾರ ತಾಳುತ್ತದೆ. ಆಮೇಲೆ ಮೌತ್‌ಪೀಸ್ ವಾದ್ಯದಲ್ಲಿ ಸರಿಯಾಗಿ ಕೂರದೆ ಅಲುಗುತ್ತದೆ, ಸಂದಿಯಲ್ಲಿ ಗಾಳಿ ಸೋರಬಹುದು, ಸ್ವರ ಬೇಗ ಹತ್ತುವುದಿಲ್ಲ. ಕಲಿಯುವ ಮಗು ತಪ್ಪು ತನ್ನದೇ ಅಂದುಕೊಂಡು ಇನ್ನಷ್ಟು ಜೋರಾಗಿ ಊದುತ್ತದೆ. ನನಗೆ ಸಂಕಟವಾಗುವುದು ಇಲ್ಲಿ.

ಇದನ್ನು ಸರಿಪಡಿಸುವ ಸಾಧನ ತೀರಾ ಸರಳ: ತುದಿಗೆ ಸಪೂರವಾಗುತ್ತಾ ಹೋಗುವ, ನುಣುಪಾದ ಉಕ್ಕಿನ ಕಡ್ಡಿ. ಅದನ್ನು ಶ್ಯಾಂಕ್‌ನ ಬಾಯಿಗಿಟ್ಟು, ತಿರುಗಿಸುತ್ತಾ ಮೆಲ್ಲನೆ ಒತ್ತಬೇಕು. ಒಳಗೆ ಮಡಚಿಕೊಂಡ ಅಂಚು ಕಡ್ಡಿಗೆ ತಾಗಿ ಹೊರಕ್ಕೆ ಸರಿಯುತ್ತದೆ. ಗಟ್ಟಿಯಾಗಿ ನೆಗ್ಗಿದ್ದರೆ ಕಡ್ಡಿಯ ಹಿಂಬದಿಗೆ ಚರ್ಮದ ಅಥವಾ ಪ್ಲಾಸ್ಟಿಕ್ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಒಂದು ಏಟು, ಕಾಲು ಸುತ್ತು, ಮತ್ತೊಂದು ಏಟು. ನಡುನಡುವೆ ಹೊರತೆಗೆದು, ತುದಿಯನ್ನು ಬೆಳಕಿಗೆ ನೇರ ಹಿಡಿದು ನೋಡಬೇಕು. ದುಂಡಾದೊಡನೆ ನಿಲ್ಲಿಸಬೇಕು. ಕಸುಬಿನ ನಿಜವಾದ ಪರೀಕ್ಷೆ ಇದೇ. ಒಂದೇಟು ಹೆಚ್ಚಾದರೆ ಬಾಯಿ ಅಗಲವಾಗಿ ಶ್ಯಾಂಕ್ ವಾದ್ಯದೊಳಗೆ ಹೋಗುವುದಿಲ್ಲ. ಹಿತ್ತಾಳೆಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ಗಡುಸಾಗಿ ಸೀಳುತ್ತದೆ. ಕಾಯಿಸಿ ಮೆದು ಮಾಡೋಣವೆಂದರೆ ಬೆಳ್ಳಿಯ ಲೇಪ ಹಾಳಾಗುತ್ತದೆ.

ಇಕ್ಕಳ, ಸ್ಕ್ರೂಡ್ರೈವರ್ ಬೇಡವೇ ಬೇಡ. ಅವು ಒಂದು ನೆಗ್ಗು ತೆಗೆದು ಮೂರು ಗೀರು ಉಳಿಸುತ್ತವೆ. ಮರಳು ಕಾಗದದಿಂದ ಉಜ್ಜುವುದೂ ತಪ್ಪು. ಶ್ಯಾಂಕ್ ಸವೆದಷ್ಟೂ ಮೌತ್‌ಪೀಸ್ ಇನ್ನಷ್ಟು ಒಳಗೆ ಇಳಿಯುತ್ತದೆ, ಶ್ರುತಿಯೂ ಬದಲಾಗುತ್ತದೆ. ವಾದ್ಯದಲ್ಲೇ ಸಿಕ್ಕಿಹಾಕಿಕೊಂಡಿದ್ದರಂತೂ ತಿರುಚಿ ಎಳೆಯಲೇಬಾರದು, ಕೊಳವೆಯ ಬೆಸುಗೆ ಬಿಟ್ಟುಹೋಗುತ್ತದೆ. ಅದಕ್ಕೆ ಎರಡೂ ಬದಿಯಿಂದ ಸಮನಾಗಿ ತಳ್ಳಿ ಬಿಡಿಸುವ ಪುಲ್ಲರ್ ಬೇರೆಯೇ ಇದೆ.

ನಮ್ಮ ದೇಶದಲ್ಲಿ ಬ್ಯಾಂಡ್ ವಾದ್ಯಗಳ ತವರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಲೀ ಕೋಠಿ ಬಡಾವಣೆಯಲ್ಲಿ ಹಿತ್ತಾಳೆ ತಗಡು ಬಡಿದು ತುತ್ತೂರಿ ಮಾಡುವ ಕುಶಲಕರ್ಮಿಗಳಿದ್ದಾರೆ. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಆ ಊರಿನದೇ. ವಾದ್ಯ ಮೀರತ್‌ನದಾಗಲಿ, ಜಪಾನಿನದಾಗಲಿ, ರಿಪೇರಿಯ ಕ್ರಮ ಒಂದೇ. ಟ್ರಾಂಬೋನ್, ಯೂಫೋನಿಯಂ, ಟ್ಯೂಬಾದ ಶ್ಯಾಂಕ್‌ಗಳು ದೊಡ್ಡವು. ಅಳತೆಗೆ ತಕ್ಕ ಕಡ್ಡಿ ಆರಿಸಿಕೊಂಡರಾಯಿತು.

ಬ್ಯಾಂಡ್ ಮಾಸ್ತರರಲ್ಲಿ ನನ್ನ ಕೋರಿಕೆ ಇಷ್ಟೇ. ವಾಲ್ವ್ ಎಣ್ಣೆಯ ಪಕ್ಕದಲ್ಲಿ ಈ ಕಡ್ಡಿಯನ್ನೂ ಇಟ್ಟುಕೊಳ್ಳಿ. ಮೌತ್‌ಪೀಸನ್ನು ಅಂಗೈಯಿಂದ ಬಡಿದು ಕೂರಿಸುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಬಿಡಿಸಿ.