ಶ್ರೀಶೈಲಕ್ಕೆ ನಡೆಯುವವರು ಮೊದಲು ಮಾಡಬೇಕಾದ ಲೆಕ್ಕ

ಹೋಳಿಯ ಹುಣ್ಣಿಮೆ ಕಳೆಯಿತೆಂದರೆ ನಮ್ಮ ಉತ್ತರದ ಜಿಲ್ಲೆಗಳ ರಸ್ತೆಗಳಲ್ಲಿ ಮಲ್ಲಯ್ಯನ ಕಂಬಿಗಳು ಕಾಣತೊಡಗುವವು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಸೀಮೆಗಳಿಂದ ಹೊರಟ ಜನರು ಎರೆಯ ಹೊಲಗಳನ್ನೂ ಹಳ್ಳಕೊಳ್ಳಗಳನ್ನೂ ಹಿಂದಿಕ್ಕಿ, ತುಂಗಭದ್ರೆಯನ್ನು ದಾಟಿ, ಕರ್ನೂಲಿನ ಆಚೆ ಆತ್ಮಕೂರನ್ನು ಸೇರಿ, ಅಲ್ಲಿಂದ ನಲ್ಲಮಲೆಯ ಅಡವಿಯನ್ನು ಹೊಕ್ಕು, ಯುಗಾದಿಯ ಹೊತ್ತಿಗೆ ಶ್ರೀಶೈಲದ ಶಿಖರವನ್ನು ಕಾಣುವರು. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೇ ಬಗೆದು ಸೀರೆ, ಕುಪ್ಪಸ, ಅರಿಷಿಣ ಕುಂಕುಮಗಳನ್ನು ಒಯ್ಯುವ ಈ ಜನಕ್ಕೆ ಆಮಂತ್ರಣ ಪತ್ರಿಕೆ ಬೇಕಿಲ್ಲ. ಭಾಷೆ ಬೇರೆಯಾಯಿತೆಂಬ ಸಂಕೋಚವೂ ಇಲ್ಲ. ಉಡುತಡಿಯ ಅಕ್ಕಮಹಾದೇವಿಯು ಕಲ್ಯಾಣವನ್ನು ಬಿಟ್ಟು ಕದಳಿಯ ವನಕ್ಕೆ ನಡೆದ ದಿಕ್ಕು ಅದೇ. ಕರ್ನಾಟಕದ ಮನಸ್ಸಿನಲ್ಲಿ ಶ್ರೀಶೈಲವು ಪರರಾಜ್ಯದ ಊರಾಗಿ ಎಂದೂ ಇದ್ದಿಲ್ಲ.

ಈಚಿನ ವರ್ಷಗಳಲ್ಲಿ ಈ ಸಮುದಾಯದೊಳಗೆ ಒಂದು ಹೊಸ ವರ್ಗವು ಬೆರೆಯುತ್ತಲಿದೆ. ಕಚೇರಿಯ ನೌಕರರು, ಉಪಾಧ್ಯಾಯರು, ವಕೀಲರು, ಅಂಗಡಿಕಾರರು ಹರಕೆಯಿಂದಲೋ ಹವ್ಯಾಸದಿಂದಲೋ ಕಂಬಿಯ ಹಿಂದೆ ಹೊರಡುತ್ತಿದ್ದಾರೆ. ಇದು ನಮಗೆ ಸಂತೋಷದ ಸಂಗತಿಯೇ. ಆದರೆ ಒಂದು ಭೇದವನ್ನು ಈ ಮಹನೀಯರು ಮರೆಯಬಾರದು. ರೈತನ ಕಾಲು ವರ್ಷವಿಡೀ ಸಾಲು ತುಳಿದ ಕಾಲು. ಇವರದು ಮೇಜಿನ ಕೆಳಗೆ ವಿಶ್ರಮಿಸಿದ ಕಾಲು. ರೈತನು ಲೆಕ್ಕ ಹಾಕದೆ ಹೊರಟಂತೆ ಕಾಣುವದು ನಿಜ. ಅವನ ಲೆಕ್ಕವನ್ನು ಅವನ ತಂದೆ ಅಜ್ಜಂದಿರು ಹಾಕಿಟ್ಟಿದ್ದಾರೆ. ಯಾವ ಮರದ ಕೆಳಗೆ ಮಧ್ಯಾಹ್ನ, ಯಾವ ಮಠದಲ್ಲಿ ರಾತ್ರಿ ಎಂಬುದು ಅವನ ಓಣಿಯ ಹಿರಿಯರಿಗೆ ಬಾಯಿಪಾಠ. ಪಟ್ಟಣಿಗನು ಅದನ್ನು ಕಾಗದದ ಮೇಲೆ ಬರೆದುಕೊಳ್ಳಲೇಬೇಕು. ಬರೆದುಕೊಳ್ಳದೆ ಹೊರಟವನ ಭಾರವನ್ನು ನಡುದಾರಿಯಲ್ಲಿ ಮತ್ತೊಬ್ಬರು ಹೊರಬೇಕಾಗುವದು: ಜೊತೆಯವರು, ದಾರಿಯ ಹಳ್ಳಿಯವರು, ಕಟ್ಟಕಡೆಗೆ ಆ ಮೂಕ ಅಡವಿ.

ಭಕ್ತಿಯ ನಡಿಗೆಗೆ ಲೆಕ್ಕವೇಕೆಂದು ಕೇಳುವವರಿಗೆ ನಾವು 1930ನೆಯ ಇಸವಿಯನ್ನು ನೆನಪಿಸುವೆವು. ಆ ವರ್ಷ ಮಾರ್ಚ್ 12ರಂದು ಮಹಾತ್ಮಾ ಗಾಂಧಿಯವರು ಸಾಬರಮತಿಯಿಂದ ಹೊರಟಾಗ ಅವರಿಗೆ ಅರವತ್ತು ತುಂಬಿತ್ತು. ದಾಂಡಿಗೆ ಸುಮಾರು 385 ಕಿಲೋಮೀಟರ್. ನಡೆದ ದಿನಗಳು ಇಪ್ಪತ್ತನಾಲ್ಕು. ದಿನಕ್ಕೆ ಸರಾಸರಿ ಹದಿನಾರು ಕಿಲೋಮೀಟರ್ ಮಾತ್ರ, ಸೋಮವಾರ ಮೌನ ಮತ್ತು ವಿಶ್ರಾಂತಿ. ಸಾಮ್ರಾಜ್ಯವನ್ನೇ ಎದುರುಹಾಕಿಕೊಳ್ಳ ಹೊರಟ ಪುರುಷನು ಕಾಲನ್ನು ಎಷ್ಟು ಮಿತವಾಗಿ ವೆಚ್ಚಮಾಡಿದನೆಂಬುದನ್ನು ವಾಚಕರು ಗಮನಿಸಬೇಕು. ಗುಜರಾತ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ತುಕಡಿಯು ಮುಂದಾಗಿ ಹೋಗಿ ನೆಲೆ, ನೀರು, ಶೌಚದ ಏರ್ಪಾಡುಗಳನ್ನು ನೋಡಿಕೊಳ್ಳುತ್ತಿತ್ತು. ಹಳ್ಳಿಯವರಿಂದ ಏನನ್ನು ಅಪೇಕ್ಷಿಸಲಾಗುವದು, ಏನನ್ನು ಅಪೇಕ್ಷಿಸಲಾಗುವದಿಲ್ಲ ಎಂಬುದನ್ನು ಹೊರಡುವ ಮುನ್ನವೇ ಪತ್ರಿಕೆಯಲ್ಲಿ ಪ್ರಕಟಿಸಲಾಗಿತ್ತು. ಇಷ್ಟಾಗಿಯೂ ದಾರಿಯಲ್ಲಿ ತಪ್ಪು ನುಸುಳಿತು. ಸೂರತ್ತಿನಿಂದ ಮೋಟಾರು ಲಾರಿಯಲ್ಲಿ ಹಾಲು ಬಂದುದನ್ನೂ, ರಾತ್ರಿಯ ನಡಿಗೆಯಲ್ಲಿ ಒಬ್ಬ ಕೂಲಿಕಾರನು ಭಾರವಾದ ಗ್ಯಾಸು ದೀಪವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದುದನ್ನೂ ಕಂಡು ಗಾಂಧಿಯವರು ಮಾರ್ಚ್ 29ರಂದು ಭಾಟಗಾಮದಲ್ಲಿ ತಮ್ಮವರನ್ನೇ ಕಟುವಾಗಿ ತರಾಟೆಗೆ ತೆಗೆದುಕೊಂಡರು. ಬಡವರ ಹೆಸರಿನಲ್ಲಿ ನಡೆಯುವವರು ಬಡವನ ತಲೆಯ ಮೇಲೆ ದೀಪವಿಡಬಹುದೆ ಎಂಬುದು ಅವರ ಸಂಕಟದ ತಿರುಳು. ಆ ತಂಡದಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ವೀರರು ಅವರೇ.

ಈಗ ನಮ್ಮ ಹಾದಿಯ ಗಣಿತಕ್ಕೆ ಬರೋಣ. ಬಾಗಲಕೋಟೆ ವಿಜಯಪುರಗಳ ಕಡೆಯಿಂದ ಹೊರಟವರಿಗೆ ಶ್ರೀಶೈಲವು ಹೆಚ್ಚುಕಡಿಮೆ 400 ಕಿಲೋಮೀಟರ್ ಆಗುವದು. ಇದರಲ್ಲಿ ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ಮುಂದಿನ ಅಡವಿಯ ಹಾದಿ ಸುಮಾರು 40. ರೈತರ ಗುಂಪುಗಳು ದಿನಕ್ಕೆ ನಲವತ್ತು ಕಿಲೋಮೀಟರ್ ಹೊಡೆಯುವದನ್ನು ಕೇಳಿ ಪಟ್ಟಣಿಗರು ಉಬ್ಬಬಾರದು. ಅಭ್ಯಾಸವಿಲ್ಲದವನಿಗೆ ಇಪ್ಪತ್ತೈದು ಸಾಕು. ಬಯಲಿನ 360 ಕಿಲೋಮೀಟರಿಗೆ ಹದಿನೈದು ದಿನ, ಅಡವಿಗೆ ಎರಡು, ವಿಶ್ರಾಂತಿಗೆ ಎರಡು, ಜ್ವರಕ್ಕೋ ಕಾಲುನೋವಿಗೋ ಕೈಯಲ್ಲೊಂದು: ಒಟ್ಟು ಇಪ್ಪತ್ತು. ಇಷ್ಟು ರಜೆಯನ್ನು ಯಾವ ಮೇಲಧಿಕಾರಿಯೂ ನಗುಮುಖದಿಂದ ಕೊಡಲಾರನು. ಹತ್ತೇ ದಿನ ಸಿಕ್ಕಿದ್ದರೆ ರಾಯಚೂರಿನಿಂದ ಹೊರಡಬೇಕು. ಮೂರೇ ದಿನವಿದ್ದರೆ ಆತ್ಮಕೂರಿನವರೆಗೆ ಬಸ್ಸನ್ನೇರಿ ಅಡವಿಯನ್ನಷ್ಟೇ ನಡೆಯಬೇಕು. ಇಪ್ಪತ್ತು ದಿನದ ದಾರಿಯನ್ನು ಹತ್ತರಲ್ಲಿ ತುರುಕಿದವನು ಏಳನೆಯ ದಿನ ಬೊಕ್ಕೆಯೆದ್ದ ಪಾದಗಳೊಡನೆ ಟಂಟಂ ಗಾಡಿಯಲ್ಲಿ ಕುಳಿತಿರುವದನ್ನು ನಾವು ಬಹಳ ಕಂಡಿದ್ದೇವೆ. ಹೊರಡುವದಕ್ಕೆ ಎರಡು ತಿಂಗಳು ಮುಂಚಿನಿಂದ ದಿನವೂ ಐದು ಕಿಲೋಮೀಟರ್, ಕೊನೆಯ ವಾರಗಳಲ್ಲಿ ಶನಿವಾರ ಭಾನುವಾರಗಳಂದು ಎಡೆಬಿಡದೆ ಇಪ್ಪತ್ತಿಪ್ಪತ್ತು ನಡೆದು ನೋಡಬೇಕು. ಎರಡನೆಯ ದಿನ ಬೆಳಿಗ್ಗೆ ಎದ್ದು ನಡೆಯಬಲ್ಲಿರಾ ಎಂಬುದೇ ನಿಜವಾದ ಪರೀಕ್ಷೆ.

ಋತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಈ ಯಾತ್ರಿಕನಿಗಿಲ್ಲ. ಪಂಚಾಂಗವೇ ಅದನ್ನು ಗೊತ್ತುಮಾಡಿದೆ. ಆದರೆ ಪಂಚಾಂಗವನ್ನು ಓದಿಕೊಳ್ಳುವದಕ್ಕೆ ಅಡ್ಡಿಯೇನು? ಯುಗಾದಿಯು 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂದಿತು. ಅಧಿಕಮಾಸ ಬಂದ ಮರುವರ್ಷ ಅದು ಮತ್ತೆ ಏಪ್ರಿಲ್ಲಿಗೆ ಜಾರುವದು. ರಾಯಚೂರು ಕರ್ನೂಲುಗಳ ಬಿಸಿಲನ್ನು ಬಲ್ಲವರಿಗೆ ಈ ಮೂರು ವಾರಗಳ ಅಂತರವು ಸಣ್ಣದಲ್ಲ. ಏಪ್ರಿಲ್ಲಿನಲ್ಲಿ ಅಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವದು ಅಪರೂಪವಲ್ಲ. ಕಳೆದ ವರ್ಷ ಸುಖವಾಗಿ ಹೋಗಿ ಬಂದೆನೆಂಬುದು ಈ ವರ್ಷಕ್ಕೆ ಪ್ರಮಾಣವಾಗಲಾರದು. ಆದಕಾರಣ ನಸುಕಿನ ಮೂರು ಗಂಟೆಗೆ ಹೊರಟು ಒಂಬತ್ತಕ್ಕೆ ನೆರಳು ಸೇರತಕ್ಕದ್ದು. ಬಿಸಿಲಿಳಿದ ಮೇಲೆ ಉಳಿದ ದೂರ. ಇಲ್ಲಿ ಚಂದ್ರನ ಲೆಕ್ಕವೂ ಉಂಟು. ಹುಣ್ಣಿಮೆಯ ನಂತರದ ಕೃಷ್ಣಪಕ್ಷದಲ್ಲಿ ನಸುಕಿನ ಹೊತ್ತಿಗೆ ಆಕಾಶದಲ್ಲಿ ಚಂದ್ರನಿರುವನು. ಹಿರಿಯರು ಆ ವೇಳೆಯನ್ನು ಆರಿಸಿಕೊಂಡದ್ದು ತಂಪಿಗಾಗಿ ಮಾತ್ರವಲ್ಲ. ಆದರೆ ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಅಡವಿಯನ್ನು ಹೊಗುವ ಕೊನೆಯ ಮೂರು ದಿನಗಳಲ್ಲಿಯೇ ಬೆಳಕು ಕೈಬಿಡುವದು. ಆದುದರಿಂದ ಬಯಲಿನ ಪದ್ಧತಿಯನ್ನು ಅಡವಿಯಲ್ಲಿ ನಡೆಸಕೂಡದು. ಅಲ್ಲಿ ಹಗಲಿನಲ್ಲಿಯೇ ನಡೆಯಬೇಕು, ಗುಂಪಿನಲ್ಲಿಯೇ ನಡೆಯಬೇಕು.

ಹೆದ್ದಾರಿಯ ಕತ್ತಲೆಯಲ್ಲಿ ಹಿಂದಿನಿಂದ ಬರುವ ಲಾರಿಯು ಹುಲಿಗಿಂತ ಹೆಚ್ಚು ಅಪಾಯಕರ. ರಸ್ತೆಯ ಬಲಮಗ್ಗುಲಿನಲ್ಲಿ, ಎದುರು ಬರುವ ವಾಹನವನ್ನು ನೋಡುತ್ತ, ಒಬ್ಬರ ಹಿಂದೊಬ್ಬರಾಗಿ ಸಾಗತಕ್ಕದ್ದು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಎದೆಗೂ ಬೆನ್ನಿಗೂ ಕಟ್ಟಿಕೊಳ್ಳತಕ್ಕದ್ದು. ಅದರ ಬೆಲೆ ಒಂದು ಹೊತ್ತಿನ ಫಲಾಹಾರಕ್ಕಿಂತ ಹೆಚ್ಚಲ್ಲ.

ನೀರಿನ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಬಿಸಿಲಿನಲ್ಲಿ ಭಾರ ಹೊತ್ತು ನಡೆಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ಬೆವರಿನೊಡನೆ ಉಪ್ಪೂ ಹೋಗುವದು. ಬರಿಯ ನೀರನ್ನೇ ಕೊಡಗಟ್ಟಲೆ ಕುಡಿದವನು ತಲೆನೋವು, ವಾಕರಿಕೆ, ಮಂಕುಗಳಿಂದ ಕುಸಿಯುವದುಂಟು. ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚೆಯಿಂದ ಮಟ್ಟಸವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು: ಈ ಪ್ರಮಾಣವನ್ನು ಪ್ರತಿಯೊಬ್ಬನೂ ಕಂಠಪಾಠ ಮಾಡಿರಬೇಕು. ಮಜ್ಜಿಗೆ, ಗಂಜಿ, ಅಂಬಲಿಗಳೂ ಒಳ್ಳೆಯವೇ. ಬಣ್ಣದ ಶೀತಪಾನೀಯಗಳು ಈ ಕೆಲಸಕ್ಕೆ ಬಾರವು. ಮೈಸುಟ್ಟು ಮಾತು ತಡವರಿಸತೊಡಗಿದರೆ, ದಿಕ್ಕು ತೋಚದಂತಾದರೆ, ಅದು ಆಯಾಸವಲ್ಲ, ಬಿಸಿಲಿನ ಆಘಾತ. ಆಗ ಅವನನ್ನು ನೆರಳಿಗೆಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಲೇಬಾರದು. ಸಕ್ಕರೆ ರೋಗ ಹೃದಯರೋಗಗಳುಳ್ಳವರೂ, ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರೂ ಹೊರಡುವ ಮುನ್ನ ವೈದ್ಯರಲ್ಲಿ ಕೇಳಿಕೊಳ್ಳದಿದ್ದರೆ ಅದು ಧೈರ್ಯವಲ್ಲ.

ಹೊರೆಯು ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಅರವತ್ತು ಕಿಲೋದವನಿಗೆ ಆರು ಕಿಲೋ. ಅದರಲ್ಲಿ ಮೂರು ಲೀಟರು ನೀರೇ ಮೂರು ಕಿಲೋ. ಉಳಿದ ಮೂರರಲ್ಲಿ ಹೊದಿಕೆ, ಒಂದು ಜೊತೆ ಬಟ್ಟೆ, ಔಷಧ, ಬುತ್ತಿ. ನಾಲ್ಕು ಅಂಗಿಗಳನ್ನು ಹೊತ್ತವನು ಎರಡನ್ನು ರಾಯಚೂರಿನಲ್ಲಿ ಯಾರಿಗಾದರೂ ಕೊಟ್ಟು ಮುಂದೆ ಹೋಗುವನು. ಜೋಡು ಹೊಸದಾಗಿರಬಾರದು. ಬರಿಗಾಲಿನ ಹರಕೆಯುಳ್ಳವರನ್ನು ನಾವು ತಡೆಯುವವರಲ್ಲ. ಅವರಿಗೆ ಒಂದೇ ವಿಜ್ಞಾಪನೆ, ಹತ್ತು ಗಂಟೆಯ ಮೇಲೆ ಡಾಂಬರನ್ನು ತುಳಿಯಬೇಡಿರಿ.

ವೆಂಕಟಾಪುರದಿಂದ ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ: ಇದು ಅಡವಿಯ ಕ್ರಮ. ಬೆಟ್ಟದಲ್ಲಿ ಬಯಲಿನ ವೇಗವನ್ನು ನಂಬಲಾಗದು. ಸ್ಕಾಟ್ಲಂಡಿನ ನೈಸ್ಮಿತ್ ಎಂಬವನು 1892ರಲ್ಲಿ ಒಂದು ಸೂತ್ರ ಕೊಟ್ಟನು: ಮೂರು ಮೈಲಿಗೆ ಒಂದು ಗಂಟೆ, ಮೇಲೇರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಅದು ಚಳಿನಾಡಿನ ಗಟ್ಟಿ ಕಾಲಿನವರ ಮಾತು. ನಮ್ಮ ಚೈತ್ರದ ಸೆಕೆಯಲ್ಲಿ ಅದನ್ನು ಇಮ್ಮಡಿಸಿದರೂ ತಪ್ಪಾಗದು. ಶ್ರೀಶೈಲದ ಎತ್ತರ ಸುಮಾರು 1500 ಅಡಿಯೇ ಆದರೂ ಹಾದಿಯು ಏರಿ ಇಳಿದು ಮತ್ತೆ ಏರುವದು. ಭೀಮುನಿ ಕೊಲನಿನ ಕಣಿವೆಯಿಂದ ಕೈಲಾಸದ್ವಾರದವರೆಗಿನ ಕಡಿದಾದ ಮೆಟ್ಟಿಲುಗಳು ದಣಿದ ಮೊಣಕಾಲಿಗೆ ಕೊನೆಯ ಪರೀಕ್ಷೆ. ಶ್ರೀಶೈಲದ ಬೆಟ್ಟಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮನು ಸೋಪಾನ ಕಟ್ಟಿಸಿದನೆಂಬುದು ಚರಿತ್ರಪ್ರಸಿದ್ಧ. ಯಾತ್ರಿಕನ ಮೊಣಕಾಲನ್ನು ಕುರಿತು ಚಿಂತಿಸಿದ ಅರಸರೂ ಇದ್ದರೆಂದಾಯಿತು.

ಈ ಅಡವಿಯು 1983ರಿಂದ ಹುಲಿ ಯೋಜನೆಗೆ ಸೇರಿದ ನಾಗಾರ್ಜುನಸಾಗರ ಶ್ರೀಶೈಲ ಮೀಸಲು ಪ್ರದೇಶ, ಚೆಂಚು ಜನರ ತವರು. ಯಾತ್ರಿಕರಿಗೆ ಹಾದಿಯನ್ನು ಶಿವರಾತ್ರಿ ಯುಗಾದಿಗಳ ಕಾಲದಲ್ಲಿ ಬಿಡಲಾಗುವದು. ತೆರೆಯುವ ಮುಚ್ಚುವ ದಿನಗಳನ್ನು ವಿಚಾರಿಸಿಕೊಂಡೇ ಹೊರಡಬೇಕು. ಆ ದಿನಗಳಲ್ಲಿ ಎಲೆಯೆಲ್ಲ ಉದುರಿ ನೆಲದ ಮೇಲೆ ಒಣಗಿ ಬಿದ್ದಿರುವದು. ಒಂದು ಬೀಡಿಯ ತುಣುಕು, ಆರಿಸದೆ ಬಿಟ್ಟ ಮೂರು ಕಲ್ಲಿನ ಒಲೆ ಸಾಕು. ಅಡವಿಯ ಎರಡು ದಿನಗಳಿಗೆ ಬೆಂಕಿ ಬೇಡದ ಬುತ್ತಿಯನ್ನೇ ಕಟ್ಟಿಕೊಳ್ಳಿರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಅವಲಕ್ಕಿ. ನಮ್ಮ ತಾಯಂದಿರಿಗಿಂತ ಹೆಚ್ಚಿನ ಪಾಕಶಾಸ್ತ್ರಜ್ಞರು ಇದಕ್ಕೆ ಬೇಕಾಗಿಲ್ಲ.

ದಾರಿಯ ಹಳ್ಳಿಗಳಲ್ಲಿ ದಾಸೋಹ ನಡೆಸುವವರು ಧನಿಕರೇ ಆಗಿರುವದಿಲ್ಲ. ಬೇಸಿಗೆಯಲ್ಲಿ ತಾವೇ ನೀರಿಗೆ ಅಲೆಯುವ ಊರುಗಳು ಸಾವಿರಾರು ಜನಕ್ಕೆ ನೀರೆರೆಯುತ್ತವೆ. ಮರುದಿನ ಅವರ ಹೊಲದ ಬದುವಿನಲ್ಲಿ ಉಳಿಯುವದೇನು? ಪ್ಲಾಸ್ಟಿಕ್ಕಿನ ಲೋಟ, ನೀರಿನ ಚೀಲ, ಮತ್ತು ಬಾಯಿಂದ ಹೇಳಬಾರದ ಹೊಲಸು. ಮಲ್ಲಯ್ಯನ ಹೆಸರಿನಲ್ಲಿ ಉಂಡು ಅನ್ನವಿಟ್ಟವನ ಹೊಲ ಕೆಡಿಸುವದು ಭಾಟಗಾಮದ ದೀಪದ ಸಾಲಿಗೇ ಸೇರುವ ಅಪರಾಧವೆಂದು ನಮ್ಮ ಮತ. ಒಂದು ತಾಟು, ಒಂದು ಲೋಟ, ಒಂದು ಸಣ್ಣ ಸಲಿಕೆ: ತೂಕ ಅರ್ಧ ಕಿಲೋ.

ಅಧಿಕಾರಿಗಳಲ್ಲಿಯೂ ನಮ್ಮ ಒಂದು ಪ್ರಾರ್ಥನೆಯುಂಟು. ಯಾತ್ರೆಯು ಯಾವ ದಿನ ಯಾವ ತಾಲೂಕನ್ನು ದಾಟುವದೆಂಬುದು ಪಂಚಾಂಗ ನೋಡಿ ಆರು ತಿಂಗಳು ಮೊದಲೇ ಹೇಳಬಹುದಾದ ವಿಷಯ. ಹಾಗಿರುವಾಗ ನೀರಿನ ಟ್ಯಾಂಕರು, ಶೌಚಾಲಯ, ಔಷಧದ ಗಾಡಿಗಳು ಜನರು ಹೋದ ಮೇಲೆ ಬರುವದೇಕೆ? ಹಾದಿಯು ಕರ್ನಾಟಕದಲ್ಲಿ ಆರಂಭವಾಗಿ ಆಂಧ್ರದಲ್ಲಿ ಮುಗಿಯುವದಾದುದರಿಂದ ಉಭಯ ಕಡೆಯ ಜಿಲ್ಲಾಧಿಕಾರಿಗಳು ಮಾಘದಲ್ಲಿಯೇ ಒಮ್ಮೆ ಕುಳಿತು ಮಾತನಾಡಿಕೊಂಡರೆ ಗಡಿಯ ಈಚೆ ಆಚೆ ಏರ್ಪಾಡು ಕಡಿದುಹೋಗದು. ನಮ್ಮ ಪಟ್ಟಣಗಳ ಯುವಕ ಸಂಘಗಳವರು ದಾಂಡಿಯ ವಿದ್ಯಾರ್ಥಿಗಳಂತೆ ಒಂದು ದಿನ ಮುಂದೆ ನಡೆಯುವ ತುಕಡಿಯನ್ನು ಕಟ್ಟಲಿ. ನೆರಳೆಲ್ಲಿದೆ, ಯಾವ ಬಾವಿ ಬತ್ತಿದೆ, ಯಾವ ನೀರು ಕುಡಿಯಲು ಯೋಗ್ಯವೆಂಬ ಸುದ್ದಿಯನ್ನು ಅವರು ಹಿಂದಿನವರಿಗೆ ಕಳಿಸುತ್ತಿರಲಿ.

ಮರಳುವ ದಿನವನ್ನು ಯಾರೂ ಯೋಚಿಸುವದಿಲ್ಲ. ಯುಗಾದಿಯ ಮರುದಿನ ಶ್ರೀಶೈಲದಲ್ಲಿ ಬಸ್ಸಿಗೆ ನೂಕುನುಗ್ಗಲು. ನಡೆದು ಬಂದವನ ಕಾಲು ಅಂದೇ ಊದುವದು, ಕೈಯಲ್ಲಿನ ಹಣವೂ ಅಂದೇ ತೀರಿರುವದು. ಹಿಂದಿರುಗುವ ಟಿಕೀಟಿನ ದುಡ್ಡನ್ನು ಹೊರಡುವಾಗಲೇ ಬೇರೆ ಗಂಟಿನಲ್ಲಿ ಕಟ್ಟಿ, ಗುಂಪಿನಲ್ಲಿ ಎಲ್ಲರಿಗಿಂತ ಜುಗ್ಗನಾದವನ ಕೈಯಲ್ಲಿ ಕೊಟ್ಟಿರತಕ್ಕದ್ದು.